ತೊರೆಯ ಹುಳುಗಳ ಗುರುತು ಹೇಳಿಕೊಟ್ಟ ಡಾಕ್ಟರ್ ಫ್ರೇಸರ್

ನಿಲಕ್ಕೋಟ್ಟೈ: ಹಳ್ಳಿ ಹುಡುಗರು ಬಾಲಕ್ಕೆ ದಾರ ಕಟ್ಟಿ ಹಾರಿಸುವ ಏರೋಪ್ಲೇನ್ ಚಿಟ್ಟೆ, ಅಂದರೆ ತಮಿಳಿನ ತಟ್ಟಾನ್, ಹುಟ್ಟಿ ಬೆಳೆಯುವುದು ನೀರಿನಲ್ಲಿ. ತೊರೆಯ ತಳದಲ್ಲಿರುವ ಅದರ ಮರಿ ಟ್ರೌಟ್ ಮೀನಿಗೆ ಆಹಾರ. ಆದ್ದರಿಂದಲೇ ಗಾಳ ಹಾಕುವವರು ಅದೇ ರೂಪದ ಕೃತಕ ಹುಳು ಕಟ್ಟುತ್ತಾರೆ.

ಈ ಕೀಟಗಳನ್ನು ಗುರುತಿಸಲು ದಾರಿ ಮಾಡಿಕೊಟ್ಟವರು ಫ್ರೆಡರಿಕ್ ಚಾರ್ಲ್ಸ್ ಫ್ರೇಸರ್. 1880ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಇವರು ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಲೆಫ್ಟಿನೆಂಟ್ ಕರ್ನಲ್ ಆದರು. ಕೊಡಗು, ನೀಲಗಿರಿಗಳ ತೊರೆಗಳನ್ನು ಅಲೆದು ಕೀಟ ಸಂಗ್ರಹಿಸಿದರು.

ಕುಳಿತಾಗ ರೆಕ್ಕೆ ಚಾಚಿದ್ದರೆ ದೊಡ್ಡ ಜಾತಿ. ಹೆಚ್ಚಾಗಿ ಮಡಚಿಟ್ಟರೆ ಸೂಜಿಯಂಥ ಸಣ್ಣ ಜಾತಿ. ಸಣ್ಣದರ ಮರಿಗೆ ಬಾಲದಲ್ಲಿ ಎಲೆಯಂಥ ಮೂರು ಕಿವಿರುಗಳಿರುತ್ತವೆ, ದೊಡ್ಡದರ ಮರಿಗೆ ಇರುವುದಿಲ್ಲ. ಇನ್ನೂ ಸೂಕ್ಷ್ಮ ಭೇದಗಳಿಗೆ ಫ್ರೇಸರ್ ರೆಕ್ಕೆಯ ನರ, ಗಂಡಿನ ಬಾಲದ ತುದಿಯ ಕೊಂಡಿಗಳನ್ನು ಪರೀಕ್ಷಿಸಿದರು.

1933, 1934 ಮತ್ತು 1936ರಲ್ಲಿ ಅವರ ಮೂರು ಸಂಪುಟಗಳು ‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಪ್ರಕಟವಾದವು. ಪಳನಿ ಬೆಟ್ಟದ ಜಾತಿಗಳೂ ಅವುಗಳಲ್ಲಿವೆ. 1963ರಲ್ಲಿ ಫ್ರೇಸರ್ ನಿಧನರಾದರು.

ಕಾಡು ಕಡಿದರೆ, ನೀರು ಕೆಟ್ಟರೆ ಮೊದಲು ಮಾಯವಾಗುವ ಜೀವಿಗಳಲ್ಲಿ ಇವೂ ಸೇರಿವೆ. ಯಾವ ತೊರೆಯಲ್ಲಿ ಏನಿತ್ತು, ಏನು ಕಳೆದುಹೋಯಿತು ಎಂದು ತಿಳಿಯಲು ಇಂದಿಗೂ ಸಂಶೋಧಕರು ತೆರೆಯುವುದು ಆ ಹಳೆಯ ಸಂಪುಟಗಳನ್ನೇ.