ಹತ್ತು ಸಾವಿರ ದೀನಾರಿನ ನೋಟಿನಲ್ಲಿರುವ ಇಬ್ನುಲ್ ಹೈಸಮ್

ಒಂದು ದೇಶದ ನೋಟಿನ ಮೇಲೆ ಯಾರ ಚಿತ್ರವಿರಬೇಕು? ಹೆಚ್ಚಿನ ದೇಶಗಳಲ್ಲಿ ಈ ಪ್ರಶ್ನೆ ಜನರ ತನಕ ಬರುವುದೇ ಇಲ್ಲ. ಅರಸರು, ಅಧ್ಯಕ್ಷರು, ಸ್ವಾತಂತ್ರ್ಯ ತಂದುಕೊಟ್ಟ ನಾಯಕರು ಅಲ್ಲಿ ತಾವಾಗಿಯೇ ಬಂದು ಕೂರುತ್ತಾರೆ. ವಿಜ್ಞಾನಿಗೆ ಆ ಜಾಗ ಸಿಗುವುದು ಅಪರೂಪ. 2018ರಲ್ಲಿ ಇಂಗ್ಲೆಂಡಿನ ಕೇಂದ್ರ ಬ್ಯಾಂಕು 50 ಪೌಂಡಿನ ಹೊಸ ನೋಟಿಗಾಗಿ ಒಬ್ಬ ವಿಜ್ಞಾನಿಯ ಹೆಸರು ಸೂಚಿಸುವಂತೆ ಜನರನ್ನೇ ಕೇಳಿತು. 2,27,299 ಸೂಚನೆಗಳು ಬಂದವು. 989 ಹೆಸರುಗಳು ಅರ್ಹವೆನಿಸಿದವು. ಮರುವರ್ಷ ಗಣಿತಜ್ಞ ಅಲನ್ ಟ್ಯೂರಿಂಗ್ ಅವರನ್ನು ಆರಿಸಲಾಯಿತು. 2021ರಲ್ಲಿ ನೋಟು ಹೊರಬಂತು.

ಇರಾಕಿನ ಕಥೆ ಬೇರೆ. ಕೊಲ್ಲಿಯಲ್ಲಿ ದುಡಿಯುವವರಿರುವ ನಮ್ಮ ಮನೆಗಳಲ್ಲಿ ದೀನಾರ್ ಎಂಬ ಪದ ಹೊಸದಲ್ಲ. ಆದರೆ ಇರಾಕಿನ ದೀನಾರನ್ನು ಕಂಡವರು ನಮ್ಮಲ್ಲಿ ಕಡಿಮೆ. 1980ರ ದಶಕದ ಆರಂಭದಲ್ಲಿ ಆ ದೇಶದ 10 ದೀನಾರಿನ ನೋಟಿನ ಮೇಲೆ ರುಮಾಲು ಧರಿಸಿದ, ಗಡ್ಡವಿರುವ ಒಬ್ಬ ವಿದ್ವಾಂಸರ ಚಿತ್ರವಿತ್ತು. ಅವರೇ ಅಬೂ ಅಲಿ ಅಲ್ ಹಸನ್ ಇಬ್ನುಲ್ ಹೈಸಮ್. ಬಳಿಕ ನೋಟುಗಳನ್ನೆಲ್ಲ ಸದ್ದಾಮ್ ಹುಸೈನರ ಚಿತ್ರ ಆವರಿಸಿಕೊಂಡಿತು. 2002ರಲ್ಲಿ ಬಂದ 10,000 ದೀನಾರಿನ ನೋಟಿನಲ್ಲೂ ಅವರೇ ಇದ್ದರು. 2003ರಲ್ಲಿ ಅವರ ಆಡಳಿತ ಕುಸಿದಾಗ ಹೊಸ ನೋಟುಗಳು ಬೇಕಾದವು. ಆಳುವವರ ಮುಖ ಬೇಡವೆಂದಾಗ ಹಳೆಯ ವಿನ್ಯಾಸಗಳನ್ನೇ ಮತ್ತೆ ಹೊರತೆಗೆಯಲಾಯಿತು. ಆ ವರ್ಷದ ಅಕ್ಟೋಬರ್ 15ರಿಂದ ಜನರು ಹಳೆಯ ನೋಟು ಕೊಟ್ಟು ಹೊಸದನ್ನು ಪಡೆದರು. ಅದರಲ್ಲಿ 10,000 ದೀನಾರಿನ ನೋಟು ಇಬ್ನುಲ್ ಹೈಸಮ್‌ರಿಗೆ ದೊರೆಯಿತು. ಅಂದು ಹತ್ತು ದೀನಾರಿನ ನೋಟಿನಲ್ಲಿದ್ದವರು ಈಗ ಹತ್ತು ಸಾವಿರದ ನೋಟಿಗೆ ಬಂದರು. ನಡುವೆ ಸೇರಿದ ಆ ಮೂರು ಸೊನ್ನೆಗಳಲ್ಲಿ ಯುದ್ಧ, ದಿಗ್ಬಂಧನ ಮತ್ತು ಹಸಿವಿನ ಇಪ್ಪತ್ತು ವರ್ಷಗಳಿವೆ.

ಓದುಗರೇ, ನೋಟಿನಲ್ಲಿ ಕಾಣುವ ಮುಖ ಮಾತ್ರ ಅವರದ್ದೆಂದು ನಂಬಬೇಡಿ. ಅವರು ಹೇಗಿದ್ದರೆಂದು ತಿಳಿಸುವ ಯಾವ ಚಿತ್ರವೂ ಅವರ ಕಾಲದಿಂದ ಉಳಿದಿಲ್ಲ. ಅದು ಕಲಾವಿದರ ಊಹೆ. ಮುಖವನ್ನು ಬಿಟ್ಟು ಅವರ ಬದುಕನ್ನು ನೋಡೋಣ.

ಹಿಜ್ರಿ 354ರ ಸುಮಾರಿಗೆ, ಅಂದರೆ ಕ್ರಿ.ಶ. 965ರಲ್ಲಿ, ಅವರು ಬಸ್ರಾದಲ್ಲಿ ಜನಿಸಿದರು. ಇರಾಕಿನ ಮಣ್ಣಿನಲ್ಲೇ ಹುಟ್ಟಿದವರೆಂಬುದು ಆ ದೇಶ ಅವರನ್ನು ತನ್ನವರೆಂದು ಹೇಳಿಕೊಳ್ಳಲು ಸಾಕಾದ ಕಾರಣ. ಯೌವನದಲ್ಲಿ ಒಂದು ಸರಕಾರಿ ಹುದ್ದೆಯಲ್ಲಿದ್ದರೆಂದೂ ಅದರಲ್ಲಿ ಅವರ ಮನಸ್ಸು ನಿಲ್ಲಲಿಲ್ಲವೆಂದೂ ಹೇಳಲಾಗುತ್ತದೆ. ಅವರಿಗೆ ಬೇಕಾಗಿದ್ದುದು ಗಣಿತ, ಖಗೋಳ ಮತ್ತು ಗ್ರೀಕರಿಂದ ಅರಬಿ ಭಾಷೆಗೆ ಬಂದಿದ್ದ ಗ್ರಂಥಗಳು.

ಅವರ ಜೀವನದ ಅತ್ಯಂತ ಪ್ರಸಿದ್ಧ ಘಟನೆಯನ್ನು ಹದಿಮೂರನೆಯ ಶತಮಾನದ ಚರಿತ್ರೆಕಾರ ಇಬ್ನುಲ್ ಕಿಫ್ತಿ ಬರೆದಿಟ್ಟಿದ್ದಾರೆ. ನೈಲ್ ನದಿ ಒಂದು ವರ್ಷ ಉಕ್ಕಿ ಹರಿದು ಊರುಗಳನ್ನು ಮುಳುಗಿಸುತ್ತಿತ್ತು. ಇನ್ನೊಂದು ವರ್ಷ ನೀರು ಏರದೆ ಹೊಲಗಳು ಒಣಗಿ ಬರಗಾಲ ಬರುತ್ತಿತ್ತು. ತಾನು ಈಜಿಪ್ಟಿನಲ್ಲಿದ್ದರೆ ಆ ನದಿಯನ್ನು ಎಲ್ಲ ಕಾಲಕ್ಕೂ ಉಪಯೋಗಕ್ಕೆ ಬರುವಂತೆ ಹತೋಟಿಗೆ ತರುತ್ತಿದ್ದೆನೆಂದು ಇಬ್ನುಲ್ ಹೈಸಮ್ ಹೇಳಿದ ಮಾತು ಕೈರೋದ ಅರಮನೆಯನ್ನು ತಲುಪಿತು. ಅಲ್ಲಿ ಆಳುತ್ತಿದ್ದವರು ಫಾತಿಮಿ ಖಲೀಫ ಅಲ್ ಹಾಕಿಮ್. ವಿದ್ಯೆಯ ಮೇಲೆ ಒಲವಿದ್ದವರು. ಕೈರೋದಲ್ಲಿ ದಾರುಲ್ ಇಲ್ಮ್ ಎಂಬ ವಿದ್ಯಾಲಯವನ್ನೂ ಗ್ರಂಥಾಲಯವನ್ನೂ ಕಟ್ಟಿಸಿದವರು. ಆದರೆ ಅವರ ಒಲವು ಯಾವ ಗಳಿಗೆಯಲ್ಲಿ ಸಿಟ್ಟಾಗುವುದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ವಝೀರರಲ್ಲೇ ಹಲವರು ತಲೆ ಕಳೆದುಕೊಂಡಿದ್ದರು.

ಖಲೀಫರು ಹಣ ಕಳುಹಿಸಿ ಕರೆಸಿಕೊಂಡರು. ನಗರದ ಹೊರಗೆ ಬಂದು ತಾವೇ ಸ್ವಾಗತಿಸಿದರೆಂದು ಹೇಳಲಾಗಿದೆ. ಕೆಲಸಗಾರರ ಒಂದು ತಂಡವನ್ನು ಕೊಟ್ಟು ನದಿಯ ಮೇಲ್ಭಾಗಕ್ಕೆ ಕಳುಹಿಸಿದರು. ದಾರಿಯುದ್ದಕ್ಕೂ ಇಬ್ನುಲ್ ಹೈಸಮ್ ಪುರಾತನ ಈಜಿಪ್ಟಿನವರ ಭವ್ಯ ಕಟ್ಟಡಗಳನ್ನು ಕಂಡರು. ಎಷ್ಟು ಕರಾರುವಾಕ್ಕಾದ ಅಳತೆ, ಎಂಥ ಕೌಶಲ! ಇಷ್ಟೆಲ್ಲ ಬಲ್ಲವರಿಗೆ ನದಿಯನ್ನು ತಡೆಯಲು ಸಾಧ್ಯವಿದ್ದಿದ್ದರೆ ಅವರು ಅದನ್ನು ಎಂದೋ ಮಾಡಿರುತ್ತಿದ್ದರಲ್ಲವೇ ಎಂಬ ಅನುಮಾನ ಅಲ್ಲೇ ಮೊಳೆಯಿತು. ಅಸ್ವಾನಿನ ಬಳಿಯ ಜನಾದಿಲ್ ಎಂಬಲ್ಲಿ ನೀರು ಎತ್ತರದಿಂದ ಇಳಿಯುವ ಜಾಗವನ್ನು ಎರಡೂ ದಡಗಳಿಂದ ಪರೀಕ್ಷಿಸಿದರು. ತಾನು ಎಣಿಸಿದ್ದು ಅಲ್ಲಿ ನಡೆಯುವಂತಿರಲಿಲ್ಲ.

ಈಗ ನೀವು ಅವರ ಜಾಗದಲ್ಲಿ ನಿಂತು ಯೋಚಿಸಿ. ಹಣ ಪಡೆದಾಗಿದೆ, ಮರ್ಯಾದೆ ಪಡೆದಾಗಿದೆ. ಎದುರಿಗಿರುವವರು ಸಣ್ಣ ತಪ್ಪಿಗೂ ಕೊಲ್ಲಿಸಬಲ್ಲ ದೊರೆ. ನಾಲ್ಕು ವರ್ಷ ಕಲ್ಲು ಮಣ್ಣು ಹೊರಿಸುತ್ತಾ, ಇನ್ನಷ್ಟು ಹಣ ಬೇಕು, ಇನ್ನಷ್ಟು ಆಳು ಬೇಕು ಎನ್ನುತ್ತಾ ಕಾಲ ತಳ್ಳಬಹುದಿತ್ತು. ಅಂಥ ಕಾಮಗಾರಿಗಳನ್ನು ನಾವು ಇಂದೂ ಕಾಣುವುದಿಲ್ಲವೇ? ಇಬ್ನುಲ್ ಹೈಸಮ್ ಹಾಗೆ ಮಾಡಲಿಲ್ಲ. ಕೈರೋಗೆ ಹಿಂದಿರುಗಿ, ಇದು ತನ್ನಿಂದಾಗದೆಂದು ಒಪ್ಪಿ ಕ್ಷಮೆ ಕೇಳಿದರು. ಇದೇ ನದಿಗೆ ಅಸ್ವಾನಿನಲ್ಲಿ ದೊಡ್ಡ ಅಣೆಕಟ್ಟು ಪೂರ್ತಿಯಾದದ್ದು 1970ರಲ್ಲಿ, ಯಂತ್ರಗಳ ಯುಗದಲ್ಲಿ.

ಖಲೀಫರು ಮೇಲ್ನೋಟಕ್ಕೆ ಕ್ಷಮಿಸಿ ಒಂದು ಹುದ್ದೆಯನ್ನೂ ಕೊಟ್ಟರು. ಭಯದಿಂದಲೇ ಅದನ್ನು ಸ್ವೀಕರಿಸಿದ ಇಬ್ನುಲ್ ಹೈಸಮ್‌ರಿಗೆ ಆ ಕ್ಷಮೆಯನ್ನು ನಂಬುವ ಧೈರ್ಯ ಬರಲಿಲ್ಲ. ಕೊನೆಗೆ ಹುಚ್ಚು ಹಿಡಿದವರಂತೆ ನಟಿಸಿದರು. ಅವರ ಸೊತ್ತನ್ನು ವಶಪಡಿಸಿಕೊಂಡು, ನೋಡಿಕೊಳ್ಳಲು ಜನರನ್ನಿಟ್ಟು, ಮನೆಯೊಳಗೇ ಕೂಡಿಹಾಕಲಾಯಿತು. ಹಿಜ್ರಿ 411ರಲ್ಲಿ, ಕ್ರಿ.ಶ. 1021ರಲ್ಲಿ, ಅಲ್ ಹಾಕಿಮ್ ಒಂದು ರಾತ್ರಿ ಹೊರಗೆ ಹೋದವರು ಮತ್ತೆ ಕಾಣಿಸಲಿಲ್ಲ. ಅವರು ಇನ್ನಿಲ್ಲವೆಂದು ಖಚಿತವಾದ ಮೇಲೆಯೇ ಇಬ್ನುಲ್ ಹೈಸಮ್‌ರ ಬುದ್ಧಿ ಮರಳಿತು!

ಸತ್ಯವಂತರೊಬ್ಬರು ಹುಚ್ಚಿನ ವೇಷ ಹಾಕಬಹುದೇ ಎಂದು ನೀವು ಕೇಳಬಹುದು. ನನಗೆ ಕಾಣುವುದು ಹೀಗೆ. ನದಿಯ ವಿಷಯದಲ್ಲಿ, ಅಂದರೆ ಜನರ ಹಣ ಮತ್ತು ಜನರ ಹೊಲಗಳ ವಿಷಯದಲ್ಲಿ, ಅವರು ಸುಳ್ಳಾಡಲಿಲ್ಲ. ಸತ್ಯ ಹೇಳಿ ಅದರ ಬೆಲೆಯನ್ನೂ ತೆತ್ತರು. ವೇಷ ಹಾಕಿದ್ದು ಕೇವಲ ಪ್ರಾಣ ಉಳಿಸಿಕೊಳ್ಳಲು, ಅದರಿಂದ ಬೇರೆಯವರಿಗೆ ನಷ್ಟವಾಗಲಿಲ್ಲ. ಅವರದ್ದೊಂದು ದೋಷವಿದ್ದರೆ ಅದು ಬಸ್ರಾದಲ್ಲಿ ಕುಳಿತು, ನೋಡದ ನದಿಯ ಬಗ್ಗೆ ಆಡಿದ ಆ ಮೊದಲ ಮಾತು. ಕಣ್ಣಾರೆ ನೋಡಿ ಪರೀಕ್ಷಿಸದೆ ಏನನ್ನೂ ಒಪ್ಪಬಾರದೆಂಬ ಹಟ ಅವರ ಗ್ರಂಥಗಳಲ್ಲಿ ಅಷ್ಟು ಬಲವಾಗಿರುವುದಕ್ಕೆ ಈ ಅನುಭವವೂ ಕಾರಣವಿರಬಹುದೆಂಬುದು ನನ್ನ ಊಹೆ.

ಆ ಗ್ರಂಥಗಳಲ್ಲಿ ದೊಡ್ಡದು ಕಿತಾಬುಲ್ ಮನಾಝಿರ್. ಏಳು ಭಾಗಗಳಿರುವ ಇದು ಬೆಳಕು ಮತ್ತು ದೃಷ್ಟಿಯ ಕುರಿತಾದದ್ದು. ಬಂಧನದ ಕಾಲದಲ್ಲೇ ಬರೆದರೆಂದು ಹಲವರು ಹೇಳುತ್ತಾರೆ, ಬಿಡುಗಡೆಯ ನಂತರವೆಂದು ಕೆಲವು ಸಂಶೋಧಕರು ವಾದಿಸುತ್ತಾರೆ. ಅಲ್ಲಿಯ ತನಕ ಯೂಕ್ಲಿಡ್, ಟಾಲೆಮಿ ಮೊದಲಾದ ಮಹಾ ಪಂಡಿತರು, ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಅದು ಕಾಣುತ್ತದೆಂದು ಕಲಿಸಿದ್ದರು. ಇಬ್ನುಲ್ ಹೈಸಮ್ ಸರಳವಾದ ಸಂಗತಿಗಳಿಂದ ಆರಂಭಿಸಿದರು. ಸೂರ್ಯನನ್ನು ದಿಟ್ಟಿಸಿದರೆ ಕಣ್ಣಿಗೆ ನೋವಾಗುತ್ತದೆ. ಹೊರಗಿನಿಂದ ಏನೋ ಬಂದು ಕಣ್ಣನ್ನು ತಾಗದಿದ್ದರೆ ನೋವೇಕೆ? ಬೆಳಗುವ ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಬೆಳಕು ಎಲ್ಲ ದಿಕ್ಕುಗಳಿಗೂ ನೇರ ಗೆರೆಗಳಲ್ಲಿ ಹರಡುತ್ತದೆ. ಅದು ಕಣ್ಣಿಗೆ ಬಂದಾಗಲೇ ನೋಟ. ಇದನ್ನು ಅವರು ಗಣಿತದಿಂದಲೂ ಪ್ರಯೋಗದಿಂದಲೂ ನಿರೂಪಿಸಿದರು.

ಅವರ ಒಂದು ಪ್ರಯೋಗವನ್ನು ನೀವು ಮಕ್ಕಳನ್ನು ಕೂರಿಸಿಕೊಂಡು ಮನೆಯಲ್ಲೇ ಮಾಡಬಹುದು. ರಾತ್ರಿ ಕರೆಂಟ್ ಹೋದಾಗ ಮೂರು ಮೋಂಬತ್ತಿಗಳನ್ನು ಸಾಲಾಗಿ ಹಚ್ಚಿಡಿ. ಒಂದು ರಟ್ಟಿಗೆ ಸಣ್ಣ ತೂತು ಮಾಡಿ ಅವುಗಳ ಮುಂದೆ ಹಿಡಿಯಿರಿ, ಅದರ ಹಿಂದೆ ಒಂದು ಬಿಳಿ ಕಾಗದವಿರಲಿ. ಕಾಗದದ ಮೇಲೆ ಮೂರು ಬೆಳಕಿನ ಚುಕ್ಕೆಗಳು ಬೇರೆ ಬೇರೆಯಾಗಿ ಬೀಳುವುವು. ಬಲಗಡೆಯ ಬತ್ತಿಗೆ ಕೈ ಅಡ್ಡ ಹಿಡಿದರೆ ಎಡಗಡೆಯ ಚುಕ್ಕೆ ಮಾಯವಾಗುತ್ತದೆ, ಉಳಿದೆರಡು ಹಾಗೆಯೇ ಇರುತ್ತವೆ. ಮೂರು ಬೆಳಕುಗಳೂ ಒಂದೇ ತೂತಿನಲ್ಲಿ ಹಾದುಹೋದರೂ ಒಂದರೊಡನೊಂದು ಬೆರೆಯಲಿಲ್ಲ, ನೇರವಾಗಿಯೇ ಸಾಗಿದವು. ಇಬ್ನುಲ್ ಹೈಸಮ್ ಕತ್ತಲೆ ಕೋಣೆಯ ಕಿಂಡಿಯೆದುರು ದೀಪಗಳನ್ನಿಟ್ಟು, ಒಂದೊಂದನ್ನೇ ಮರೆಮಾಡಿ ತೋರಿಸಿದ್ದು ಇದನ್ನೇ.

ನಮ್ಮ ಭಾಷಣಗಳಲ್ಲಿ ಇವರು ಕ್ಯಾಮರಾ ಕಂಡುಹಿಡಿದರೆಂದು ಹೇಳುವುದನ್ನು ನೀವು ಕೇಳಿರಬಹುದು. ಅದು ಸರಿಯಲ್ಲ. ಕಿಂಡಿಯಿಂದ ಬೆಳಕು ಮೂಡಿಸುವ ಚಿತ್ರದ ವಿಷಯ ಅವರಿಗಿಂತ ಮೊದಲೇ ಗೊತ್ತಿತ್ತು. ಅದನ್ನು ಪರೀಕ್ಷೆಯ ಸಾಧನವನ್ನಾಗಿ ಮಾಡಿದ್ದು ಅವರ ಹಿರಿಮೆ. ಹಾಗೆಯೇ ಅವರ ಮಾತೆಲ್ಲವೂ ನಿಂತಿಲ್ಲ. ಕಣ್ಣಿನ ಮಸೂರದಲ್ಲೇ ನೋಟ ಗ್ರಹಿಕೆಯಾಗುತ್ತದೆಂದು ಅವರು ತಿಳಿದಿದ್ದರು. ಹಿಂಭಾಗದ ಪರದೆಯ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆಂದು 1604ರಲ್ಲಿ ಕೆಪ್ಲರ್ ತೋರಿಸಿದರು. ಕೆಪ್ಲರ್ ಕೂಡ ಇವರ ಗ್ರಂಥ ಓದಿ ಬೆಳೆದವರೇ. ಇಲ್ಲದ ಹೊಗಳಿಕೆಯನ್ನು ಇವರ ತಲೆಗೆ ಕಟ್ಟುವುದು ಇವರಿಗೇ ಮಾಡುವ ಅನ್ಯಾಯ. ಏಕೆಂದರೆ ಟಾಲೆಮಿಯ ಮೇಲಿನ ಸಂದೇಹಗಳು ಎಂಬ ತಮ್ಮ ಕೃತಿಯಲ್ಲಿ, ಹಿಂದಿನವರ ಗ್ರಂಥ ಓದುವವನು ಅದರ ಪ್ರತಿಯೊಂದು ಮಾತನ್ನೂ ಎದುರಾಳಿಯಂತೆ ನಿಂತು ಪ್ರಶ್ನಿಸಬೇಕೆಂದೂ, ಜೊತೆಗೆ ತನ್ನನ್ನು ತಾನೂ ಸಂಶಯಿಸಬೇಕೆಂದೂ ಅವರು ಬರೆದರು. ತಪ್ಪಿಲ್ಲದವರು ಮನುಷ್ಯರಲ್ಲಿಲ್ಲ, ಸತ್ಯವನ್ನು ಹುಡುಕುವುದು ಅದಕ್ಕಾಗಿಯೇ ಎಂಬುದು ಅವರ ನಿಲುವು. ಟಾಲೆಮಿಯನ್ನು ಅಷ್ಟು ಗೌರವಿಸಿದವರೇ ಆತನ ತಪ್ಪುಗಳನ್ನು ಎಣಿಸಿ ತೋರಿಸಿದರು.

ಅವರ ಹೆಸರಿನಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ಹಳೆಯ ಪಟ್ಟಿಗಳು ಕೊಡುತ್ತವೆ. ಗ್ರಹಣ, ಕನ್ನಡಿ, ಚಂದ್ರನ ಬೆಳಕು ಮಾತ್ರವಲ್ಲ, ನಮಾಝಿಗಾಗಿ ಕಿಬ್ಲಾದ ದಿಕ್ಕನ್ನು ಲೆಕ್ಕದಿಂದ ಕಂಡುಕೊಳ್ಳುವ ಬಗೆಯನ್ನೂ ಅವರು ಬರೆದಿದ್ದಾರೆ.

ಇಷ್ಟು ದೊಡ್ಡ ವಿದ್ವಾಂಸರು ಜೀವನ ಸಾಗಿಸಿದ್ದು ಹೇಗೆ? ಬಿಡುಗಡೆಯ ನಂತರ ಅಲ್ ಅಝ್‌ಹರ್ ಮಸೀದಿಯ ಬಾಗಿಲ ಬಳಿಯ ಒಂದು ಗುಮ್ಮಟದ ಕೋಣೆಯಲ್ಲಿ ಅವರು ನೆಲೆಸಿದರು. ಅವರ ಅಕ್ಷರ ಸುಂದರವಾಗಿತ್ತು, ಬರಹದಲ್ಲಿ ತಪ್ಪಿರುತ್ತಿರಲಿಲ್ಲ. ವರ್ಷಕ್ಕೊಮ್ಮೆ ಯೂಕ್ಲಿಡ್‌ನ ರೇಖಾಗಣಿತ, ಟಾಲೆಮಿಯ ಅಲ್ ಮಜಿಸ್ತಿ ಮತ್ತು ಇವೆರಡರ ನಡುವೆ ಓದಿಸಲಾಗುತ್ತಿದ್ದ ಗಣಿತ ಪುಸ್ತಕಗಳನ್ನು ಕೈಯಿಂದ ನಕಲು ಮಾಡಿ ಮಾರುತ್ತಿದ್ದರು. ಬೆಲೆ 150 ಈಜಿಪ್ಟಿನ ದೀನಾರ್. ಚೌಕಾಸಿಯಿಲ್ಲ. ಅದರಲ್ಲೇ ಒಂದು ವರ್ಷದ ಖರ್ಚು ಸಾಗುತ್ತಿತ್ತೆಂದು ಇಬ್ನುಲ್ ಕಿಫ್ತಿ ತಿಳಿಸುತ್ತಾರೆ. ದೊರೆಗಳ ದಾನಕ್ಕೆ ಕೈಚಾಚದ, ಬೆರಳು ನೋಯಿಸಿ ಗಳಿಸಿದ ಹಲಾಲ್ ಸಂಪಾದನೆ ಅದು.

ಹಣದ ಕುರಿತು ಅವರ ಬಗ್ಗೆ ಇನ್ನೊಂದು ಘಟನೆ ಬೈಹಕಿಯವರ ಗ್ರಂಥದಲ್ಲಿದೆ. ಸಿಮ್ನಾನ್ ಎಂಬಲ್ಲಿನ ಅಮೀರ ಸುರ್ಖಾಬ್ ಕಲಿಯಲು ಬಂದಾಗ ತಿಂಗಳಿಗೆ 100 ದೀನಾರ್ ಶುಲ್ಕ ಕೇಳಿದರು. ಅಮೀರರು ಮೂರು ವರ್ಷ ತಪ್ಪದೆ ಕೊಟ್ಟರು. ಕಲಿಕೆ ಮುಗಿದು ಹೊರಡುವ ದಿನ ಆ ಹಣವನ್ನೆಲ್ಲ ಒಂದೂ ಬಿಡದೆ ಮರಳಿಸಿದರು. ಕಲಿಯುವ ಬಯಕೆ ಹಣಕ್ಕಿಂತ ದೊಡ್ಡದೋ ಅಲ್ಲವೋ ಎಂದು ನೋಡಲಷ್ಟೇ ಕೇಳಿದ್ದೆಂದೂ, ಒಳಿತನ್ನು ಕಲಿಸಿದ್ದಕ್ಕೆ ಕೂಲಿ ಪಡೆಯುವುದು ಸಲ್ಲದೆಂದೂ ತಿಳಿಸಿದರಂತೆ. ವರ್ಷವಿಡೀ ನಕಲು ಮಾಡಿ 150 ದೀನಾರ್ ಗಳಿಸುತ್ತಿದ್ದವರು ಮರಳಿಸಿದ ಮೊತ್ತ 3,600 ದೀನಾರ್. ಈ ಕಥೆಯ ವಿವರಗಳಲ್ಲಿ ಹೇಳಿದವರು ಬಣ್ಣ ಸೇರಿಸಿರಲೂಬಹುದು. ಆದರೂ ಜನರು ಅವರನ್ನು ಯಾವ ಗುಣಕ್ಕಾಗಿ ನೆನಪಿಟ್ಟರೆಂಬುದು ಇದರಿಂದ ತಿಳಿಯುತ್ತದೆ.

ಹಿಜ್ರಿ 430ರ ಸುಮಾರಿಗೆ, ಕ್ರಿ.ಶ. 1040ರ ಹೊತ್ತಿಗೆ, ಕೈರೋದಲ್ಲಿ ಅವರು ಇಹಲೋಕ ತ್ಯಜಿಸಿದರು. ಅವರ ಗ್ರಂಥ ಲ್ಯಾಟಿನ್ ಭಾಷೆಗೆ ಹೋಯಿತು. ಯುರೋಪಿನವರು ಅವರನ್ನು ಅಲ್‌ಹಝೆನ್ ಎಂದು ಕರೆದರು. 1572ರಲ್ಲಿ ಅದು ಬಾಸೆಲ್ ನಗರದಲ್ಲಿ ಅಚ್ಚಾಯಿತು. ಪೂರ್ವದಲ್ಲಿ ಕಮಾಲುದ್ದೀನ್ ಅಲ್ ಫಾರಿಸಿ ಅದಕ್ಕೆ ವ್ಯಾಖ್ಯಾನ ಬರೆದು ಕಾಮನಬಿಲ್ಲಿನ ಕಾರಣವನ್ನು ವಿವರಿಸಿದರು.

ಇರಾಕಿನ ಆ ನೋಟಿನ ಹಿಂಬದಿಯಲ್ಲಿ ಮೋಸುಲ್ ನಗರದ ವಾಲಿದ ಹದ್ಬಾ ಮಿನಾರದ ಚಿತ್ರವಿದೆ. ಹನ್ನೆರಡನೆಯ ಶತಮಾನದ ಆ ಮಿನಾರವನ್ನು 2017ರ ಜೂನ್‌ನಲ್ಲಿ, ತಮ್ಮನ್ನು ಇಸ್ಲಾಮಿನ ವಕ್ತಾರರೆಂದು ಕರೆದುಕೊಂಡ ಐಸಿಸ್‌ನವರೇ ಸ್ಫೋಟಿಸಿ ಕೆಡವಿದರು. ಯುನೆಸ್ಕೊದ ನೆರವಿನಿಂದ ಅದನ್ನು ಬಳಿಕ ಮತ್ತೆ ಕಟ್ಟಲಾಯಿತು. ಮಿನಾರ ಬಿದ್ದಿದ್ದ ವರ್ಷಗಳಲ್ಲೂ ಮೋಸುಲಿನ ಜನರು ರೊಟ್ಟಿ ಕೊಳ್ಳಲು ಕೈಯಲ್ಲಿ ಹಿಡಿದ ನೋಟಿನಲ್ಲಿ ಅದು ನಿಂತೇ ಇತ್ತು.

ಕಿತಾಬುಲ್ ಮನಾಝಿರ್‌ನ ಅರಬಿ ಮೂಲ ಇಂದು ನಮಗೆ ಸಿಗುವುದು ಇಸ್ತಾಂಬುಲಿನ ಗ್ರಂಥಾಲಯಗಳಲ್ಲಿರುವ ಕೆಲವೇ ಹಸ್ತಪ್ರತಿಗಳಿಂದ. ಅವುಗಳಲ್ಲಿ ಅತ್ಯಂತ ಹಳೆಯದನ್ನು ಹಿಜ್ರಿ 476ರಲ್ಲಿ ಅವರ ಹುಟ್ಟೂರಾದ ಬಸ್ರಾದಲ್ಲಿ ಕೈಯಿಂದ ನಕಲು ಮಾಡಿದವರು ಅಹ್ಮದ್ ಬಿನ್ ಮುಹಮ್ಮದ್ ಅಲ್ ಅಸ್ಕರಿ. ಅವರು ಇಬ್ನುಲ್ ಹೈಸಮ್‌ರ ಅಳಿಯ.