ಅಲೆಗಳಿಗೆ ಅಂಜದ ಯಾತ್ರಿಕ ಇಬ್ನು ಬತೂತಾ

ಲೋಕಸಂಚಾರಿ ಎಂದೊಡನೆ ನೆನಪಿಗೆ ಬರುವ ಹೆಸರು ಇಬ್ನು ಬತೂತಾ. ಅವರು 1304ರಲ್ಲಿ ಮೊರಾಕ್ಕೋದ ತಾಂಜಾ ಪಟ್ಟಣದಲ್ಲಿ ಜನಿಸಿದರು. 1325ರಲ್ಲಿ, ತಮ್ಮ 21ನೇ ವಯಸ್ಸಿನಲ್ಲಿ, ಹಜ್ಜ್ ಯಾತ್ರೆಗೆಂದು ಒಬ್ಬರೇ ಮನೆ ಬಿಟ್ಟರು. ಮರಳಿ ತಾಯ್ನಾಡಿಗೆ ಬಂದದ್ದು 1349ರಲ್ಲಿ. ಈ ನಡುವಿನ ಅವರ ಬದುಕಿನ ದೊಡ್ಡ ಪರೀಕ್ಷೆಗಳು ನಡೆದದ್ದು ಸಮುದ್ರದ ಮೇಲೆ.

ಅರಬ್ಬಿ ಸಮುದ್ರದ ನಾವೆಗಳು ಅವರ ಗಮನ ಸೆಳೆದವು. ಅವುಗಳ ಹಲಗೆಗಳಿಗೆ ಕಬ್ಬಿಣದ ಮೊಳೆ ಹೊಡೆಯುತ್ತಿರಲಿಲ್ಲ. ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದ ನಾವೆ ತುಸು ಬಾಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ ಎಂಬುದನ್ನು ಅವರು ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಆದರೆ ಇಂತಹ ನಾವೆಯ ಸಂದಿಗಳಲ್ಲಿ ನೀರು ಜಿನುಗುತ್ತದೆ. ಬಿರುಗಾಳಿಯಲ್ಲಿ ಬಿಡುವಿಲ್ಲದೆ ನೀರು ಮೊಗೆದು ಚೆಲ್ಲುತ್ತಿರಬೇಕು.

ದಿಲ್ಲಿಯಲ್ಲಿ ಖಾಝಿಯಾಗಿದ್ದ ಅವರನ್ನು 1340ರ ದಶಕದ ಆರಂಭದಲ್ಲಿ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದರು. ಕಲ್ಲಿಕೋಟೆಯಲ್ಲಿ ಸುಲ್ತಾನರ ಕಾಣಿಕೆಗಳನ್ನು ಚೀನಾದ ಭಾರೀ ಹಡಗಿಗೆ ತುಂಬಲಾಯಿತು. ಇಬ್ನು ಬತೂತಾರ ಸಾಮಾನು ಮತ್ತು ಪರಿವಾರ 'ಕಕಮ್' ಎಂಬ ಚಿಕ್ಕ ಹಡಗಿನಲ್ಲಿತ್ತು. ಅವರು ಜುಮಾ ನಮಾಝಿಗಾಗಿ ದಡದಲ್ಲೇ ಉಳಿದರು. ಆಗ ಸಮುದ್ರ ಉಕ್ಕೇರಿತು. ದೊಡ್ಡ ಹಡಗು ದಡಕ್ಕೆ ಅಪ್ಪಳಿಸಿ ನುಚ್ಚುನೂರಾಗಿ, ಅದರಲ್ಲಿದ್ದವರು ಪ್ರಾಣ ಕಳೆದುಕೊಂಡರು. ಅದನ್ನು ಕಂಡ ಚಿಕ್ಕ ಹಡಗಿನವರು ಹಾಯಿ ಬಿಚ್ಚಿ ಆಳ ಸಮುದ್ರದತ್ತ ಸಾಗಿ ಪಾರಾದರು. ದೊಡ್ಡ ಅಲೆಗಳು ಆಳವಿಲ್ಲದ ಕಡೆ ಮುರಿದು ಬೀಳುವುದರಿಂದ ಬಿರುಗಾಳಿಯಲ್ಲಿ ದಡವೇ ಹೆಚ್ಚು ಅಪಾಯಕಾರಿ. ಸರ್ವಸ್ವವನ್ನೂ ಕಳೆದುಕೊಂಡ ಇಬ್ನು ಬತೂತಾ ತೀರದಲ್ಲಿ ಏಕಾಂಗಿಯಾದರು.

ಆ ಬಳಿಕ ಅವರು ಆಶ್ರಯ ಪಡೆದದ್ದು ನಮ್ಮ ಹೊನ್ನಾವರದ ಸುಲ್ತಾನ ಜಮಾಲುದ್ದೀನರಲ್ಲಿ. ಸಮುದ್ರವನ್ನೇ ನಂಬಿ ಬದುಕುತ್ತಿದ್ದ ಆ ಊರಿನಲ್ಲಿ ಬಾಲಕಿಯರಿಗೆ 13, ಬಾಲಕರಿಗೆ 23 ಶಾಲೆಗಳಿದ್ದುದನ್ನೂ, ಅಲ್ಲಿನ ಮಹಿಳೆಯರು ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದ್ದನ್ನೂ ಅವರು ದಾಖಲಿಸಿದ್ದಾರೆ.

ಮುಂದೆ ಅವರು ಮಾಲ್ದೀವ್ಸ್‌ನಲ್ಲಿ ಖಾಝಿಯಾದರು. ಅಲ್ಲಿಂದ ಸಿಂಹಳಕ್ಕೆ ಹೋಗಿ, ಮಅಬರ್ ಎಂದು ಕರೆಯಲಾಗುತ್ತಿದ್ದ ತಮಿಳು ಕರಾವಳಿಗೆ ಹೊರಟಾಗ ಮತ್ತೆ ಬಿರುಗಾಳಿ ಎದುರಾಯಿತು. ಹಡಗಿನಲ್ಲಿ ಅನುಭವಿ ನಾವಿಕನಿರಲಿಲ್ಲ. ಬಂಡೆಗಳ ಸಮೀಪ ಹಾದ ಹಡಗು ಆಳವಿಲ್ಲದ ನೀರಿನಲ್ಲಿ ನೆಲಕ್ಕೆ ತಾಗಿ ಸಿಕ್ಕಿಕೊಂಡಿತು. ಜನರು ತಮ್ಮಲ್ಲಿದ್ದುದನ್ನೆಲ್ಲ ನೀರಿಗೆಸೆದು ಪರಸ್ಪರ ವಿದಾಯ ಹೇಳಿಕೊಂಡರು. ಹಾಯಿಕಂಬವನ್ನೂ ಕಡಿದು ಎಸೆದರು. ಭಾರ ಇಳಿದರೆ ಹಡಗು ಹಗುರಾಗುತ್ತದೆ. ಕಂಬವಿಲ್ಲದಿದ್ದರೆ ಗಾಳಿಯ ಹಿಡಿತವೂ ತಗ್ಗುತ್ತದೆ. ನಾವಿಕರು ಮರದ ತೆಪ್ಪ ಕಟ್ಟಿದರು. ಇಬ್ನು ಬತೂತಾ ಸಂಗಡಿಗರನ್ನು ಮೊದಲು ಕಳುಹಿಸಿ, ತಾವು ಹಡಗಿನ ಹಿಂಭಾಗದಲ್ಲಿ ರಾತ್ರಿ ಕಳೆದರು. ಬೆಳಗ್ಗೆ ಆ ತೀರದ ಅನ್ಯಧರ್ಮೀಯ ಜನರು ದೋಣಿಯಲ್ಲಿ ಬಂದು ಅವರನ್ನು ಕಾಪಾಡಿದರು. ಅಲ್ಲಾಹನ ಅನುಗ್ರಹ ಅವರ ಕೈಗಳ ಮೂಲಕ ಒದಗಿತು.

ಇಷ್ಟಾದರೂ ಅವರು ಸಮುದ್ರಯಾನವನ್ನು ಕೈಬಿಡಲಿಲ್ಲ. ಊರಿಗೆ ಮರಳಿದ ಮೇಲೆ ಮೊರಾಕ್ಕೋದ ಸುಲ್ತಾನರ ಅಪ್ಪಣೆಯಂತೆ ತಮ್ಮ ಅನುಭವಗಳನ್ನು ಇಬ್ನು ಜುಝೈ ಎಂಬ ವಿದ್ವಾಂಸರಿಗೆ ಹೇಳಿ ಬರೆಸಿದರು. 'ರಿಹ್ಲಾ' ಎಂದು ಪ್ರಸಿದ್ಧವಾದ ಆ ಗ್ರಂಥ 1355ರಲ್ಲಿ ಪೂರ್ಣಗೊಂಡಿತು.

ವಿದ್ಯಾರ್ಥಿಗಳೇ, ಕಷ್ಟದ ಅಲೆ ಎಲ್ಲರ ಬದುಕಿಗೂ ಬರುತ್ತದೆ. ಬಾಗಬೇಕಾದಲ್ಲಿ ಬಾಗುವ, ಬಿಡಬೇಕಾದ ಭಾರವನ್ನು ಬಿಡುವ ವಿವೇಕವಿದ್ದರೆ ಚಿಕ್ಕ ನಾವೆಯೂ ಪಾರಾಗಬಲ್ಲದು. ಆ ವಿವೇಕವನ್ನು ಕೊಡುವುದು ವಿದ್ಯೆ.