ವೃದ್ಧ ಪಿತಾಮಹ ತಾತಯ್ಯನವರು

ಸವಣೂರಿನಂತೆ ಮೈಸೂರೂ ದೇಶೀಯ ಸಂಸ್ಥಾನವಾಗಿದ್ದ ಕಾಲ. ಅಲ್ಲಿ ದಾನಶೀಲ ಗುರಿಕಾರ ಮರಿಮಲ್ಲಪ್ಪನವರ ದತ್ತಿಯ ಶಾಲೆಗೆ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರನ್ನು (1844–1933) ನಾಡು ತಾತಯ್ಯನೆಂದೇ ಗೌರವಿಸಿತು. ಬಡ ವಿದ್ಯಾರ್ಥಿಗಳಿಗೆ ಆಶ್ರಯದಾತರಾದ ಈ ಗುರುಗಳು ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ‘ವೃತ್ತಾಂತ ಚಿಂತಾಮಣಿ’ ಮೊದಲಾದ ತಮ್ಮ ಪತ್ರಿಕೆಗಳಲ್ಲಿಯೂ ದಿವಾನರ ಆಡಳಿತವನ್ನು ನಿರ್ಭಯವಾಗಿ ಪ್ರಶ್ನಿಸುತ್ತಿದ್ದರು.

1907ರಲ್ಲಿ ನ್ಯಾಯವಿಧಾಯಕ ಸಭೆಯನ್ನು ಸ್ಥಾಪಿಸಿ ಕೀರ್ತಿ ಪಡೆದ ದಿವಾನ್ ವಿ.ಪಿ. ಮಾಧವರಾಯರೇ ಮರುವರ್ಷ ವೃತ್ತಪತ್ರಿಕಾ ಕಾನೂನನ್ನು ತಂದುದು ವಿಚಿತ್ರವೇ ಸರಿ. ಸರಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡಿಸುವಂತಿರಲಿಲ್ಲ. ಕೊಟ್ಟ ಅಪ್ಪಣೆಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಅದರದೇ. ತಾವು ಪ್ರಶ್ನಿಸಬೇಕಾದವರ ಬಳಿಯೇ ಅಪ್ಪಣೆ ಬೇಡಲು ತಾತಯ್ಯನವರ ಮನಸ್ಸು ಒಪ್ಪಲಿಲ್ಲ. ಅರವತ್ತು ದಾಟಿದ ವಯಸ್ಸಿನಲ್ಲಿ, ಬೆಳೆಸಿದ ಪತ್ರಿಕೆಗಳನ್ನು ತಾವೇ ನಿಲ್ಲಿಸಿದರು. 1909ರಲ್ಲಿ ಮಾಧವರಾಯರು ಅಧಿಕಾರ ಬಿಟ್ಟರೂ ಕಾನೂನು ಉಳಿಯಿತು. ತಾತಯ್ಯನವರು ಮುಂದೆ ‘ಸಂಪದಭ್ಯುದಯ’ಕ್ಕಾಗಿ ಮತ್ತೆ ಲೇಖನಿ ಹಿಡಿದರು.